ದೀಪ ಕಾಯ್ದ ಅಕ್ಕ: ಐಡಾ ಲೂಯಿಸ್

ನೆಲದ ಮೇಲೆ ಕಾಣುವಂತೆ ಕಡಲಿನಲ್ಲಿ ಹಾದಿ ಕಾಣುವುದಿಲ್ಲ. ಬಂಡೆ ಎಲ್ಲಿ, ಆಳ ಎಲ್ಲಿ ಎಂಬುದನ್ನು ನಾವಿಕನಿಗೆ ತಿಳಿಸುವವು ದೀಪಸ್ತಂಭಗಳು ಮತ್ತು ಸರಪಣಿಯಿಂದ ಬಿಗಿದು ತೇಲಬಿಟ್ಟ ಗುರುತುಗಳು. ಈ ಗುರುತುಗಳನ್ನು ನೋಡಿಕೊಳ್ಳಲೆಂದೇ ಅಮೆರಿಕದ ಕರಾವಳಿ ರಕ್ಷಣಾ ಪಡೆಯು 14 ಹಡಗುಗಳನ್ನು ಕಟ್ಟಿಸಿ, ಒಂದೊಂದಕ್ಕೂ ಹಿಂದಿನ ಒಬ್ಬೊಬ್ಬ ದೀಪಪಾಲಕರ ಹೆಸರಿಟ್ಟಿತು. 1995ರಲ್ಲಿ ನೀರಿಗಿಳಿದ ಮೊದಲನೆಯ ಹಡಗಿಗೆ ಐಡಾ ಲೂಯಿಸ್ ಎಂದು ಹೆಸರು. ಯಾರೀಕೆ?

ಐಡಾ 1842ರಲ್ಲಿ ರೋಡ್ ಐಲೆಂಡ್ ಪ್ರಾಂತದ ನ್ಯೂಪೋರ್ಟಿನಲ್ಲಿ ಜನಿಸಿದಳು. ತಂದೆ ಹೊಸಿಯಾ ಬಂದರಿನೊಳಗಿನ ಲೈಮ್ ರಾಕ್ ಎಂಬ ಬಂಡೆಯ ದೀಪಪಾಲಕ. ಸಂಸಾರ ಬಂಡೆಗೆ ಬಂದ ಕೆಲವೇ ತಿಂಗಳಲ್ಲಿ ಆತ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದನು. ದೀಪದ ಕೆಲಸ ತಾಯಿಯ ಮತ್ತು ಹಿರಿಯ ಮಗಳ ಪಾಲಿಗೆ ಬಂದಿತು. ಸಂಜೆಗೊಮ್ಮೆ, ನಡುರಾತ್ರಿಗೊಮ್ಮೆ ಎಣ್ಣೆ ತುಂಬಬೇಕು, ಬತ್ತಿ ಕತ್ತರಿಸಬೇಕು, ಮಸಿ ಒರೆಸಬೇಕು, ಬೆಳಗಾದೊಡನೆ ಆರಿಸಬೇಕು. ಬಂಡೆಗೆ ದೋಣಿಯೊಂದೇ ದಾರಿ. ತಮ್ಮ ತಂಗಿಯರನ್ನು ಶಾಲೆಗೆ ಮುಟ್ಟಿಸಲು ಐಡಾಳೇ ಹುಟ್ಟು ಹಾಕುತ್ತಿದ್ದಳು.

ಆ ತೋಳಿನ ಬಲವೇ ಪರರ ಪ್ರಾಣಕ್ಕೂ ಒದಗಿತು. 1858ರಲ್ಲಿ, ದೋಣಿ ಮಗುಚಿ ನೀರಿಗೆ ಬಿದ್ದ ನಾಲ್ವರು ತರುಣರನ್ನು ಆಕೆ ಎತ್ತಿ ತಂದಳು. 1869ರ ಮಾರ್ಚಿಯಲ್ಲಿ ಹಿಮಗಾಳಿಯ ನಡುವೆ ಇಬ್ಬರು ಸೈನಿಕರು ಮುಳುಗುತ್ತಿರಲು, ಮೇಲಂಗಿಯನ್ನೂ ಹಾಕಿಕೊಳ್ಳದೆ, ತಮ್ಮನೊಡನೆ ದೋಣಿ ಹೊರಡಿಸಿದಳು. ಅವರಿಬ್ಬರೂ ಉಳಿದರು, ಅವರನ್ನು ಕರೆದೊಯ್ಯುತ್ತಿದ್ದ ಹುಡುಗ ಮಾತ್ರ ನೀರುಪಾಲಾದನು. ದೇಶವೆಲ್ಲ ಆಕೆಯ ಹೆಸರು ಹಬ್ಬಿತು. ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಬಂದಿತು. ಊರವರು ಹೊಸ ದೋಣಿಯೊಂದನ್ನು ಕೊಟ್ಟರು. ಅಧ್ಯಕ್ಷ ಗ್ರಾಂಟರೂ ಆಕೆಯನ್ನು ಕಂಡರು.

ಕೀರ್ತಿ ಬಂದರೂ ಪದವಿ ಬರಲಿಲ್ಲ. 1872ರಲ್ಲಿ ತಂದೆ ತೀರಿಕೊಂಡಾಗ ಹುದ್ದೆ ತಾಯಿಯ ಹೆಸರಿಗೆ ಹೋಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದ ಬಳಿಕ, 1879ರಲ್ಲಿ, ವರ್ಷಕ್ಕೆ 500 ಡಾಲರು ಸಂಬಳದ ಮೇಲೆ ಐಡಾ ಅಧಿಕೃತವಾಗಿ ದೀಪಪಾಲಕಿಯಾದಳು. 1881ರಲ್ಲಿ, ಮಂಜುಗಡ್ಡೆ ಒಡೆದು ಬಿದ್ದ ಇನ್ನಿಬ್ಬರು ಸೈನಿಕರನ್ನು ಹಗ್ಗವೆಸೆದು ಎಳೆದು ಉಳಿಸಿದುದಕ್ಕೆ ಸರ್ಕಾರದ ಜೀವರಕ್ಷಕ ಚಿನ್ನದ ಪದಕ ದೊರೆಯಿತು. ಅದನ್ನು ಪಡೆದ ಮೊದಲ ಮಹಿಳೆ ಆಕೆಯೇ. ಆಕೆ ಉಳಿಸಿದ ಜೀವಗಳು 18 ಎಂದು ಲೆಕ್ಕ. 1911ರ ಅಕ್ಟೋಬರಿನಲ್ಲಿ, ಇನ್ನೂ ಹುದ್ದೆಯಲ್ಲಿರುವಾಗಲೇ ಕಣ್ಣು ಮುಚ್ಚಿದಳು. 1924ರಲ್ಲಿ ಆ ಬಂಡೆಗೆ ಆಕೆಯ ಹೆಸರೇ ಬಂದಿತು.

ಎಣ್ಣೆಯ ದೀಪಗಳ ಕಾಲ ಮುಗಿಯಿತು. ಕಾಯುವ ಕೆಲಸ ಮುಗಿಯಲಿಲ್ಲ. ಆಕೆಯ ಹೆಸರಿನ ಹಡಗು ತೇಲುಗುರುತುಗಳನ್ನು ಕ್ರೇನಿನಿಂದ ಮೇಲೆತ್ತಿ, ಪಾಚಿ ಕೆರೆದು, ಸವೆದ ಸರಪಣಿ ಬದಲಿಸಿ, ಮತ್ತೆ ಅದೇ ಸ್ಥಳದಲ್ಲಿ ಇಳಿಸುವುದಕ್ಕಾಗಿ ಕಟ್ಟಿದುದು.

ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದ ನಮ್ಮಂಥವರ ಹಿಂದೆ, ತಾನು ಓದದೆ ನಮ್ಮನ್ನು ದಡ ಸೇರಿಸಿದ ಒಬ್ಬ ಅಕ್ಕನೋ ಅಣ್ಣನೋ ಇರುತ್ತಾರೆ. ಅವರ ಹೆಸರಿನಲ್ಲಿ ಹಡಗು ತೇಲಲಾರದು. ಅವರನ್ನು ನೆನೆಯುವ ಹೊಣೆ ನಮ್ಮದು.