ಆರು ಚುಕ್ಕೆಗಳ ಮೇಷ್ಟ್ರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ಮೊದಲು ಹೊಳೆದದ್ದು ಶಾಲೆಯ ನೆನಪುಗಳೇ. ಆದರೆ ಗಂಟೆ, ಬೇವಿನ ಮರ, ಮೇಷ್ಟ್ರ ಬೆತ್ತ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ನನ್ನ ಕೆಲಸಕ್ಕೂ ನಮ್ಮ ಶಾಲೆಯ ಒಂದು ಬೆಂಚಿಗೂ ನಂಟಿರುವ ಒಬ್ಬ ದೂರದೇಶದ ಮೇಷ್ಟ್ರ ಕಥೆ ಹೇಳುತ್ತೇನೆ.

ಬೆಂಚಿನ ವಿಷಯ ಮೊದಲು. ಎಂಟನೇ ತರಗತಿಯಲ್ಲಿ ನಮ್ಮ ಜೊತೆ ಕಣ್ಣು ಮಂಜಾದ ಒಬ್ಬ ಹುಡುಗನಿದ್ದ. ಮೊದಲ ಬೆಂಚಿನಲ್ಲಿ ಕೂರುತ್ತಿದ್ದ, ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದ. ಬೋರ್ಡಿನ ಮೇಲಿದ್ದ ಲೆಕ್ಕವನ್ನು ನಾನು ಮೆಲ್ಲಗೆ ಓದಿ ಹೇಳಿದರೆ, ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸುವ ಮೊದಲೇ ಅವನ ಬಾಯಲ್ಲಿ ಉತ್ತರ ಇರುತ್ತಿತ್ತು. ಒಂಬತ್ತನೇ ತರಗತಿಯ ನಡುವೆ ಅವನು ಬರುವುದನ್ನು ನಿಲ್ಲಿಸಿದ. ಯಾಕೆಂದು ನಾನು ಕೇಳಲಿಲ್ಲ. ಮೊದಲ ಬೆಂಚಿನಲ್ಲಿ ಜಾಗ ಸಿಕ್ಕಿತು, ಹೋಗಿ ಕೂತೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ. ಪ್ಯಾರಿಸ್ಸಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್. ತಂದೆ ಸೀಮೋನ್ ರೆನೆ ಕುದುರೆಗಳ ಜೀನು, ಲಗಾಮು ಹೊಲಿಯುವ ಕಸುಬುದಾರ. ಮನೆಗೆ ಅಂಟಿಕೊಂಡೇ ಕಾರ್ಖಾನೆ. ಗೋಡೆ ತುಂಬ ಉಳಿ, ಚೂರಿ, ದಬ್ಬಳ. ನಾಲ್ಕು ಮಕ್ಕಳಲ್ಲಿ ಕೊನೆಯವನಾದ ಲೂಯಿ ಮೂರು ವರ್ಷದವನಿದ್ದಾಗ ತಂದೆಯ ಹಾಗೆ ಚರ್ಮ ಚುಚ್ಚಲು ಹೋದ, ಚೂಪಾದ ಉಪಕರಣ ಜಾರಿ ಕಣ್ಣಿಗೆ ಹೊಕ್ಕಿತು. ಗಾಯ ಕೀವಾಗಿ ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿತು. ಆ ಕಾಲದಲ್ಲಿ ಸೋಂಕಿಗೆ ಮದ್ದಿರಲಿಲ್ಲ. ಐದು ತುಂಬುವ ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಹೋದವು.

ಇಲ್ಲಿ ಹಳ್ಳಿಯ ಪಾತ್ರ ದೊಡ್ಡದು. ಕುರುಡು ಮಕ್ಕಳನ್ನು ಮೂಲೆಯಲ್ಲಿ ಕೂರಿಸುವುದು ಅಥವಾ ಭಿಕ್ಷೆಗೆ ಕಳಿಸುವುದು ಅಲ್ಲಿಯೂ ವಾಡಿಕೆಯೇ ಆಗಿತ್ತು. ಈ ತಂದೆ ಮಗನಿಗೆ ಕೋಲು ಮಾಡಿಕೊಟ್ಟು ದಾರಿ ಕಲಿಸಿದ. ಊರಿನ ಪಾದ್ರಿ ಪಾಠ ಹೇಳಿದರು. ಶಾಲೆಯ ಮೇಷ್ಟ್ರು ಕಣ್ಣಿದ್ದ ಮಕ್ಕಳ ನಡುವೆಯೇ ಅವನನ್ನು ಕೂರಿಸಿಕೊಂಡರು, ಅವನು ಕೇಳಿಯೇ ಕಲಿತ. ಹತ್ತು ವರ್ಷದವನಾದಾಗ, 1819ರ ಫೆಬ್ರವರಿಯಲ್ಲಿ, ಪ್ಯಾರಿಸ್ಸಿನ ರಾಜಾಶ್ರಯದ ಅಂಧ ಮಕ್ಕಳ ಸಂಸ್ಥೆಗೆ ಸೇರಿದ. ಹಳೆಯ, ತೇವ ಹಿಡಿದ ಕಟ್ಟಡ. ಮುಂದೆ ಅವನಿಗೆ ಬಂದ ಕ್ಷಯಕ್ಕೆ ಆ ಗೋಡೆಗಳೂ ಕಾರಣವಿರಬೇಕೆಂದು ಅವನ ಜೀವನ ಬರೆದ ಅನೇಕರು ಊಹಿಸುತ್ತಾರೆ.

ಆ ಸಂಸ್ಥೆಯನ್ನು ಕಟ್ಟಿದ ವಾಲೆಂಟಿನ್ ಆಯುಯಿ ದೊಡ್ಡ ಮನಸ್ಸಿನ ಮನುಷ್ಯ, ಆದರೆ ಕಣ್ಣಿದ್ದವನು. ಅವನು ಮಾಡಿಸಿದ ಪುಸ್ತಕಗಳಲ್ಲಿ ನಾವು ಓದುವಂಥದೇ ರೋಮನ್ ಅಕ್ಷರಗಳನ್ನು ಕಾಗದದ ಮೇಲೆ ದೊಡ್ಡದಾಗಿ ಉಬ್ಬಿಸಲಾಗಿತ್ತು. ಒಂದೊಂದು ಅಕ್ಷರದ ಸುತ್ತ ಬೆರಳಾಡಿಸಿ ಗುರುತು ಹಿಡಿಯಬೇಕು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಪದ ಮರೆತಿರುತ್ತದೆ. ಪುಸ್ತಕಗಳು ಕಲ್ಲಿನಷ್ಟು ಭಾರ, ಎಣಿಸಿದರೆ ಕೆಲವೇ ಕೆಲವು. ಎಲ್ಲಕ್ಕಿಂತ ದೊಡ್ಡ ಕೊರತೆ, ಮಕ್ಕಳು ಅದರಲ್ಲಿ ಬರೆಯುವಂತಿರಲಿಲ್ಲ. ಓದಬಹುದು, ಮನೆಗೊಂದು ಕಾಗದ ಬರೆಯಲಾಗದು.

1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬ ಮಾಜಿ ಸೇನಾಧಿಕಾರಿ ತನ್ನದೊಂದು ಚುಕ್ಕೆ ಬರಹವನ್ನು ಆ ಸಂಸ್ಥೆಗೆ ತಂದ. ಕತ್ತಲಲ್ಲೂ ಓದಬಹುದಾದ್ದರಿಂದ ಅದಕ್ಕೆ ರಾತ್ರಿ ಬರಹ ಎಂಬ ಹೆಸರು ಬಂತು. ಗೆರೆಯ ಬದಲು ಚುಕ್ಕೆ ಎಂಬುದೇ ದೊಡ್ಡ ಯೋಚನೆ, ಬೆರಳಿಗೆ ಚುಕ್ಕೆ ತಟ್ಟನೆ ಸಿಗುತ್ತದೆ. ಆದರೆ ಬಾರ್ಬಿಯೇ ಒಂದು ಗುರುತಿಗೆ ಆರಾರರ ಎರಡು ಕಂಬಗಳಂತೆ ಹನ್ನೆರಡು ಚುಕ್ಕೆಗಳವರೆಗೆ ಜಾಗ ಇಟ್ಟಿದ್ದ, ಬೆರಳ ತುದಿಯನ್ನು ಮೇಲೆ ಕೆಳಗೆ ಆಡಿಸಲೇಬೇಕು. ಅದೂ ಉಚ್ಚಾರಣೆಯ ಬರಹ. ಕಾಗುಣಿತವಿಲ್ಲ, ಅಂಕಿ ಇಲ್ಲ, ವಿರಾಮಚಿಹ್ನೆ ಇಲ್ಲ.

ಹನ್ನೆರಡು ವರ್ಷದ ಲೂಯಿ ಇದನ್ನು ಹಿಡಿದು ಕೂತ. ಹಗಲು ಪಾಠ, ಉಳಿದ ಹೊತ್ತಿನಲ್ಲಿ ಕಾಗದ ಮತ್ತು ಚುಚ್ಚುಮೊಳೆ. ರಜೆಗೆ ಊರಿಗೆ ಬಂದಾಗಲೂ ಅದೇ. (ಕಣ್ಣು ಕಳೆದ ದಬ್ಬಳವೇ ಲೇಖನಿಯಾಯಿತು ಎಂದು ಕಥೆಗಾರರು ಇದನ್ನು ಎಳೆದೆಳೆದು ಹೇಳುತ್ತಾರೆ. ನನಗೆ ಅದಕ್ಕಿಂತ ಅವನು ಬಿಟ್ಟ ಚುಕ್ಕೆಗಳೇ ಮುಖ್ಯ.) 1824ರ ಹೊತ್ತಿಗೆ, ಹದಿನೈದನೇ ವಯಸ್ಸಿನಲ್ಲಿ, ಹನ್ನೆರಡನ್ನು ಆರಕ್ಕೆ ಇಳಿಸಿದ್ದ. ಅಗಲಕ್ಕೆ ಎರಡು, ಉದ್ದಕ್ಕೆ ಮೂರು. ಬೆರಳ ತುದಿಯ ಕೆಳಗೆ ಇಡೀ ಅಕ್ಷರ ಒಂದೇ ಸಲಕ್ಕೆ ಕೂರುತ್ತದೆ.

ನಮ್ಮ ಕಸುಬಿನವರಿಗೆ ಇದನ್ನು ಕಂಡರೆ ಮೈ ಜುಮ್ಮೆನ್ನುತ್ತದೆ. ಪ್ರತಿ ಚುಕ್ಕೆ ಇದೆ ಅಥವಾ ಇಲ್ಲ. ನಾವು ಕಂಪ್ಯೂಟರಿನಲ್ಲಿ ಒಂದು, ಸೊನ್ನೆ ಅನ್ನುತ್ತೇವಲ್ಲ, ಅದೇ. ಎರಡನ್ನು ಆರು ಸಲ ಗುಣಿಸಿದರೆ 64. ಏನೂ ಇಲ್ಲದ ಖಾಲಿ ಮನೆ ಬಿಟ್ಟರೆ 63 ಗುರುತುಗಳು. ಅವನ್ನು ಬೇಕಾಬಿಟ್ಟಿ ಹಂಚಲಿಲ್ಲ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕೆ ಮಾತ್ರ. ಮುಂದಿನ ಹತ್ತಕ್ಕೆ ಅವೇ ಗುರುತುಗಳು, ಎಡಕ್ಕೆ ಕೆಳಗೊಂದು ಚುಕ್ಕೆ ಹೆಚ್ಚು. ಆಮೇಲಿನವಕ್ಕೆ ಕೆಳಗಿನ ಎರಡೂ ಚುಕ್ಕೆ. ಹತ್ತು ಕಲಿತರೆ ಉಳಿದವು ತಾವಾಗಿ ಬರುತ್ತವೆ.

1829ರಲ್ಲಿ ಇದನ್ನು ವಿವರಿಸುವ ಪುಸ್ತಕ ಬಂತು. ಸಂಗೀತಕ್ಕೂ ಅದರಲ್ಲಿ ಜಾಗವಿತ್ತು, ಏಕೆಂದರೆ ಲೂಯಿ ಒಳ್ಳೆಯ ಆರ್ಗನ್ ವಾದಕ, ಪ್ಯಾರಿಸ್ಸಿನ ಚರ್ಚುಗಳಲ್ಲಿ ನುಡಿಸುತ್ತಿದ್ದ. ಬಾರ್ಬಿಯೇಗೆ ತಾನು ಋಣಿ ಎಂಬುದನ್ನು ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾನೆ. 1837ರಲ್ಲಿ ತಿದ್ದಿದ ಎರಡನೇ ಮುದ್ರಣ. ಈ ನಡುವೆ ಅದೇ ಸಂಸ್ಥೆಯಲ್ಲಿ ಮೇಷ್ಟ್ರಾಗಿ ಇತಿಹಾಸ, ಜ್ಯಾಮಿತಿ, ಬೀಜಗಣಿತ ಹೇಳಿಕೊಡುತ್ತಿದ್ದ.

ಇಷ್ಟಾದ ಮೇಲೆ ಜಗತ್ತು ಚಪ್ಪಾಳೆ ತಟ್ಟಿತು ಅಂದುಕೊಳ್ಳುತ್ತೇವೆ. ಇಲ್ಲ. 1840ರಲ್ಲಿ ಹಳೆಯ ನಿರ್ದೇಶಕರು ಹೋಗಿ ದ್ಯೂಫೋ ಎಂಬವನು ಬಂದ. ಚುಕ್ಕೆ ಬರಹ ಬೇಡ, ಉಬ್ಬಕ್ಷರವೇ ಇರಲಿ ಎಂದು ನಿಷೇಧಿಸಿದ. ಕಣ್ಣಿದ್ದವರಿಗೆ ಓದಲು ಬಾರದ ಲಿಪಿ ಕುರುಡರನ್ನು ಸಮಾಜದಿಂದ ಬೇರೆ ಮಾಡುತ್ತದೆ ಎಂಬುದು ಆ ಕಾಲದ ವಾದ. ಕೇಳಲು ಚೆಂದವೇ. ಆದರೆ ಓದಬೇಕಾದವರನ್ನು ಯಾರೂ ಕೇಳಲಿಲ್ಲ. ಮಕ್ಕಳು ಮಾತ್ರ ಬಿಡಲಿಲ್ಲ, ಕದ್ದು ಬರೆದರು, ಒಬ್ಬರಿಗೊಬ್ಬರು ಕಲಿಸಿದರು. ಉಪಾಧ್ಯಾಯ ಗಾದೆ ಎಂಬವನು ದ್ಯೂಫೋನ ಮನಸ್ಸು ತಿರುಗಿಸಿದ. 1844ರ ಫೆಬ್ರವರಿಯಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ಜನರೆದುರು ಮಕ್ಕಳು ಚುಕ್ಕೆಗಳಲ್ಲಿ ಬರೆದು ಓದಿ ತೋರಿಸಿದರು. ಅಲ್ಲಿಗೆ ನಿಷೇಧ ಮುಗಿಯಿತು.

ಕಣ್ಣಿದ್ದವರ ದೂರಿಗೂ ಲೂಯಿ ಉತ್ತರ ಹುಡುಕಿದ್ದ. 1839ರಲ್ಲೇ ಚುಕ್ಕೆಗಳಿಂದ ಮಾಮೂಲು ಅಕ್ಷರದ ಆಕಾರ ಮೂಡಿಸುವ ಇನ್ನೊಂದು ಪದ್ಧತಿ ಮಾಡಿದ, ಫೂಕೋ ಎಂಬ ಅಂಧ ಗೆಳೆಯ ಅದಕ್ಕೊಂದು ಯಂತ್ರವನ್ನೇ ಕಟ್ಟಿದ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಸ್ ಪಾಸು, ರೇಷನ್ ಚೀಟಿ ನೋಡಿದವರಿಗೆ ಆ ಅಕ್ಷರ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ.

ಕ್ಷಯ ಅವನನ್ನು ಬಿಡಲಿಲ್ಲ. 1852ರ ಜನವರಿ 6ರಂದು, 43 ತುಂಬಿ ಎರಡು ದಿನಕ್ಕೆ, ತೀರಿಕೊಂಡ. ಸಂಸ್ಥೆ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನೂರು ವರ್ಷದ ನಂತರ, 1952ರಲ್ಲಿ, ಫ್ರಾನ್ಸ್ ತನ್ನ ಮಹನೀಯರನ್ನು ಇಡುವ ಪ್ಯಾಂಥಿಯಾನಿಗೆ ಅವನ ದೇಹವನ್ನು ಒಯ್ದಿತು. ಕೂಪ್‌ವ್ರೇ ಕೈಗಳನ್ನು ಮಾತ್ರ ಕೊಡಲಿಲ್ಲ. ಅವು ಹಳ್ಳಿಯಲ್ಲೇ ಇವೆ.

ಅದಕ್ಕೂ ಒಂದು ವರ್ಷ ಮೊದಲು, 1951ರಲ್ಲಿ, ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ರೂಪುಗೊಂಡಿತ್ತು. ಕನ್ನಡವೂ ಅದರಲ್ಲಿದೆ. ಲೂಯಿಯ ಕೆ ಅಕ್ಷರವೇ ನಮ್ಮ ಕ, ಎಮ್ ಅಕ್ಷರವೇ ಮ, ಎಲ್ ಅಕ್ಷರವೇ ಲ. ಕಮಲ ಎಂದು ಬರೆಯಲು ಮೂರು ಮನೆ ಸಾಕು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ನಡೆಯುತ್ತದೆ. ನಾನು ಇದನ್ನು ಕಲಿತದ್ದು ಮೂವತ್ತು ದಾಟಿದ ಮೇಲೆ. ನಾವು ಮಾಡಿದ ಒಂದು ಮೊಬೈಲ್ ಆಪನ್ನು ಕಣ್ಣು ಕಾಣದ ಒಬ್ಬರ ಕೈಗೆ ಕೊಟ್ಟಾಗ, ಫೋನ್ ಪ್ರತಿ ಗುಂಡಿಗೂ ಬರೀ ಬಟನ್, ಬಟನ್ ಎಂದು ಹೇಳುತ್ತಾ ಹೋಯಿತು. ಗುಂಡಿಗಳಿಗೆ ಹೆಸರು ಬರೆಯಬೇಕಾಗಿದ್ದವನು ನಾನೇ. ಚಿತ್ರ ಕಾಣುತ್ತದಲ್ಲ ಎಂದು ಬಿಟ್ಟಿದ್ದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಮೊದಲ ಬೆಂಚಿನ ಗೆಳೆಯನನ್ನು ಹುಡುಕಿಕೊಂಡು ಹೋದೆ. ಈಗ ಕಣ್ಣು ಪೂರ್ತಿ ಇಲ್ಲ. ಅಂಗಡಿ ಇಟ್ಟಿದ್ದಾನೆ, ಲೆಕ್ಕ ಈಗಲೂ ಬಾಯಲ್ಲೇ. ಬ್ರೈಲ್ ಅವನಿಗೆ ಯಾರೂ ಕಲಿಸಲಿಲ್ಲ. ಫೋನ್ ಓದಿ ಹೇಳುವುದನ್ನು ಕೇಳುತ್ತಾನೆ. ಸ್ಮರಣ ಸಂಚಿಕೆ ಬರುತ್ತಿದೆ ಅಂದಾಗ, ಪುಟಗಳ ಫೋಟೋ ಕಳಿಸಬೇಡ, ಅದು ಫೋನಿಗೆ ಓದಲು ಬರುವುದಿಲ್ಲ, ಅಕ್ಷರವಾಗಿ ಕಳಿಸು ಎಂದ.

ಆದ್ದರಿಂದ ಸಂಪಾದಕ ಮಂಡಳಿಯವರಲ್ಲಿ ನನ್ನದೊಂದು ಬಿನ್ನಹ. ಸಂಚಿಕೆಯನ್ನು ಹಳೆಯ ಫಾಂಟಿನಲ್ಲಿ ಅಚ್ಚಿಗೆ ಜೋಡಿಸಿದರೆ ಫೋನಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಕೇಳಿಸುತ್ತದೆ. ಎಲ್ಲ ಲೇಖನಗಳ ಯೂನಿಕೋಡ್ ಪ್ರತಿಯೊಂದನ್ನು ಮಾಡಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕೋಣ. ಬದಲಾಯಿಸುವ ಕೆಲಸ ನಾನು ಮಾಡಿಕೊಡುತ್ತೇನೆ, ಎರಡು ಭಾನುವಾರ ಸಾಕು. ಗುಂಪಿಗೆ ಅವನ ನಂಬರನ್ನು ಸೇರಿಸಿದ್ದೇನೆ.