ನೀಲಿ ಮಾತ್ರೆಯ ಸುಬ್ಬರಾವ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯ ಹೈಸ್ಕೂಲಿನಿಂದ ಬಂದವರನ್ನು ಕೇಳಿದರೂ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಗೊತ್ತು. ಅದರಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಎಂಬ ಬಿ ವಿಟಮಿನ್ ಇರುತ್ತದೆ. ಅದು ಕಡಿಮೆಯಾದರೆ ರಕ್ತಕಣಗಳು ಸರಿಯಾಗಿ ಬೆಳೆಯುವುದಿಲ್ಲ. ನಮ್ಮ ಆಪಾ ಬಸುರಿಯಾಗಿದ್ದಾಗ ರಕ್ತ ಕಡಿಮೆಯಿದೆ ಎಂದು ಡಾಕ್ಟರ್ ಇದನ್ನೇ ಬರೆದುಕೊಟ್ಟಿದ್ದರು. ನಾನು ಕಾಮರ್ಸ್ ಓದುವವನು, ಆದರೂ ಇದರ ಹಿಂದೆ ಯಾರಿದ್ದಾರೆಂದು ಹುಡುಕಿದೆ. ಸಿಕ್ಕ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದರು. ಶಾಲೆಯಲ್ಲಿದ್ದಾಗಲೇ ತಂದೆ ತೀರಿಹೋದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. (ಸಪ್ಲಿಮೆಂಟರಿ ಬರೆಯುತ್ತಿರುವ ಗೆಳೆಯರು ಗಮನಿಸಿ!) ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇಂಗ್ಲಿಷ್ ಪ್ರೊಫೆಸರರಿಗೆ ಸಿಟ್ಟು ಬಂತು. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಕೈಗೆ ಬಂತು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಬಿತ್ತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಯಿಂದ ಸತ್ತರು. ಈ ಕಾಯಿಲೆ ಬಂದರೆ ತಿಂದ ಅನ್ನದ ಸಾರ ಕರುಳು ಹೀರಿಕೊಳ್ಳುವುದಿಲ್ಲ, ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ. ಸುಬ್ಬರಾವ್ ಅವರಿಗೂ ಅದೇ ಬಂತು, ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಉಳಿದುಕೊಂಡರು.

ಆಮೇಲೆ ಮಾವನ ಮನೆಯವರ ನೆರವಿನಿಂದ ಅಮೆರಿಕದ ಹಾರ್ವರ್ಡ್‌ಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ ಮಾಡುತ್ತಾ ಓದಿದರು. ರಕ್ತದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯಲು ಫಿಸ್ಕೆ ಜೊತೆ ಅವರು 1925ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಇಬ್ಬರ ಹೆಸರೂ ಇದೆ. ಆದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು.

ಅಷ್ಟರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಾಂಬೆಯಲ್ಲಿ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದ್ದರು. ಅಲ್ಲಿ ಹೆಚ್ಚು ನರಳಿದವರು ಬಡ ಮುಸ್ಲಿಂ ಹೆಂಗಸರು, ಅವರ ಊಟವೇ ತೀರಾ ಕಳಪೆ. ನಮ್ಮ ಮನೆಗಳಲ್ಲೂ ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ತಿನ್ನುವವರು ಅಮ್ಮಿಯೇ ಅಲ್ಲವೇ? ಯೀಸ್ಟ್‌ನಲ್ಲಿದ್ದ ಆ ವಸ್ತುವೇ ಫೋಲಿಕ್ ಆಮ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ಚೂರೇ ಚೂರು ತೆಗೆದಿದ್ದರು. ಅಷ್ಟು ಸೊಪ್ಪು ತಂದು ಊರಿಗೆಲ್ಲ ಔಷಧ ಹಂಚಲು ಆಗುತ್ತದೆಯೇ? 1945ರಲ್ಲಿ ಸುಬ್ಬರಾವ್ ಅವರ ತಂಡ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೂ ಅದು ಔಷಧವಾಯಿತು. ಸಹೋದರರು ಸತ್ತು ಆಗಲೇ 20 ವರ್ಷ ದಾಟಿತ್ತು.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಪತ್ನಿ ಶೇಷಗಿರಿಯವರನ್ನು ಊರಿನಲ್ಲಿ ಬಿಟ್ಟು ಹಡಗು ಹತ್ತಿದವರು ಒಮ್ಮೆಯೂ ಹಿಂತಿರುಗಿ ಬರಲಿಲ್ಲ.