ಆಸ್ಕರ್ ಬಾರ್ನಾಕ್

ಆಸ್ಕರ್ ಬಾರ್ನಾಕ್ (ನವೆಂಬರ್ ೧, ೧೮೭೯ – ಜನವರಿ ೧೬, ೧೯೩೬) ಜರ್ಮನಿಯ ಸೂಕ್ಷ್ಮಯಂತ್ರ ತಜ್ಞರು ಮತ್ತು ಹವ್ಯಾಸಿ ಛಾಯಾಗ್ರಾಹಕರು. ಕೈಯಲ್ಲಿ ಹಿಡಿದು ಚಿತ್ರ ತೆಗೆಯಬಹುದಾದ ಪುಟ್ಟ ಕ್ಯಾಮೆರಾ 'ಲೈಕಾ' ಇವರ ಸೃಷ್ಟಿ. ಚಲನಚಿತ್ರಕ್ಕೆ ಬಳಸುತ್ತಿದ್ದ ೩೫ ಮಿಲಿಮೀಟರ್ ಅಗಲದ ಫಿಲ್ಮನ್ನು ಸ್ಥಿರಚಿತ್ರಕ್ಕೆ ಅಳವಡಿಸಿ, ೨೪ × ೩೬ ಮಿಲಿಮೀಟರ್ ಚೌಕಟ್ಟನ್ನು ರೂಢಿಗೆ ತಂದವರಲ್ಲಿ ಇವರು ಪ್ರಮುಖರು. ಭಾರವಾದ ಕ್ಯಾಮೆರಾವನ್ನು ಹೊರಲು ತಮ್ಮ ದೇಹಕ್ಕೆ ಶಕ್ತಿ ಸಾಲದೆಂಬ ಕೊರತೆಯೇ ಇವರ ಸಂಶೋಧನೆಗೆ ಮೂಲ ಪ್ರೇರಣೆಯಾಯಿತು.

ಜನನ ಮತ್ತು ವೃತ್ತಿಶಿಕ್ಷಣ

ಬಾರ್ನಾಕ್ ಅವರು ಜರ್ಮನಿಯ ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಲೀನೋ ಎಂಬ ಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುಟುಂಬವು ಬರ್ಲಿನ್ ಸಮೀಪದ ಲಿಖ್ಟರ್‌ಫೆಲ್ಡೆಗೆ ಬಂದು ನೆಲೆಸಿತು. ಅಲ್ಲಿಯ ಕಾರ್ಯಾಗಾರವೊಂದರಲ್ಲಿ ಅವರು ಯಂತ್ರಕೆಲಸ ಕಲಿತರು. ಬಳಿಕ, ಅಂದಿನ ಜರ್ಮನ್ ಕುಶಲಕರ್ಮಿಗಳ ಪದ್ಧತಿಯಂತೆ, ಊರಿಂದೂರಿಗೆ ಹೋಗಿ ದುಡಿಯುತ್ತ ಅನುಭವ ಗಳಿಸಿದರು. ೧೯೦೨ರಲ್ಲಿ ಯೇನಾ ನಗರದ ಪ್ರಸಿದ್ಧ ಕಾರ್ಲ್ ಝೈಸ್ ಸಂಸ್ಥೆಯನ್ನು ಸೇರಿ, ೧೯೧೦ರವರೆಗೆ ಅಲ್ಲಿ ಕೆಲಸ ಮಾಡಿದರು.

ಹದಿಮೂರು–ಹದಿನೆಂಟರ ಹೊರೆ

ಯೇನಾದಲ್ಲಿದ್ದಾಗ ಬಾರ್ನಾಕ್ ಅವರು ರಜಾದಿನಗಳಲ್ಲಿ ಥುರಿಂಗಿಯಾದ ಕಾಡುಗುಡ್ಡಗಳನ್ನು ಸುತ್ತಿ ಚಿತ್ರ ತೆಗೆಯುತ್ತಿದ್ದರು. ಅವರ ಬಳಿ ಇದ್ದುದು ೧೩ × ೧೮ ಸೆಂಟಿಮೀಟರ್ ಗಾಜಿನ ಫಲಕಗಳನ್ನು ಬಳಸುವ ಕ್ಯಾಮೆರಾ. ಕ್ಯಾಮೆರಾದ ಜೊತೆಗೆ ಫಲಕಗಳ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡ್ ಎಲ್ಲವನ್ನೂ ಹೊತ್ತು ಏರು ಹತ್ತಬೇಕಾಗಿತ್ತು. ಉಬ್ಬಸದಿಂದ ಬಳಲುತ್ತಿದ್ದ ಅವರಿಗೆ ಇದು ಪ್ರತಿ ಬಾರಿಯೂ ಪರೀಕ್ಷೆಯೇ ಆಗಿತ್ತು.

ಆ ಕಾಲದಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಮುದ್ರಿತ ಚಿತ್ರವೂ ಸಾಮಾನ್ಯವಾಗಿ ಅಷ್ಟೇ ದೊಡ್ಡದಾಗಿರುತ್ತಿತ್ತು. ಆದ್ದರಿಂದ ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾ ಅನಿವಾರ್ಯವಾಗಿತ್ತು. ನೆಗೆಟಿವ್ ಚಿಕ್ಕದಾಗಿದ್ದು, ಚಿತ್ರವನ್ನು ಅನಂತರ ದೊಡ್ಡದು ಮಾಡಿಕೊಂಡರೆ ಆಗದೇ ಎಂಬ ಆಲೋಚನೆ ಬಾರ್ನಾಕ್ ಅವರಿಗೆ ಹೊಳೆಯಿತು. ಒಂದೇ ಗಾಜಿನ ಫಲಕದ ಮೇಲೆ ಹಲವು ಪುಟ್ಟ ಚಿತ್ರಗಳನ್ನು ತೆಗೆದು ಪ್ರಯೋಗಿಸಿದರು. ಆದರೆ ಫಲಕದ ಬೆಳ್ಳಿಯ ಕಣಗಳು ಒರಟಾಗಿದ್ದ ಕಾರಣ, ಹಿಗ್ಗಿಸಿದ ಚಿತ್ರವು ಕಾಳುಕಾಳಾಗಿ ಮೂಡಿತು. ಪ್ರಯೋಗ ಅಲ್ಲಿಗೆ ನಿಂತರೂ ಆಲೋಚನೆ ನಿಲ್ಲಲಿಲ್ಲ.

ವೆಟ್ಸ್‌ಲಾರ್‌ನಲ್ಲಿ

ಝೈಸ್‌ನಲ್ಲಿ ಸಹೋದ್ಯೋಗಿಯಾಗಿದ್ದ ಎಮಿಲ್ ಮೆಖಾವ್ ಅವರು ವೆಟ್ಸ್‌ಲಾರ್ ನಗರದ ಅರ್ನ್ಸ್ಟ್ ಲೈಟ್ಸ್ ಸಂಸ್ಥೆಗೆ ಹೋದ ಮೇಲೆ ಬಾರ್ನಾಕ್ ಅವರ ಹೆಸರನ್ನು ಸೂಚಿಸಿದರು. ಲೈಟ್ಸ್ ಸಂಸ್ಥೆ ಆಗ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅನಾರೋಗ್ಯದಿಂದ ಕೆಲಸಕ್ಕೆ ತೊಡಕಾದೀತೆಂದು ಬಾರ್ನಾಕ್ ಹಿಂಜರಿದರೂ ಸಂಸ್ಥೆ ಅವರನ್ನು ಕೈಬಿಡಲಿಲ್ಲ. ೧೯೧೧ರ ಜನವರಿಯಲ್ಲಿ ಅವರು ಅಲ್ಲಿಯ ಪ್ರಯೋಗ ವಿಭಾಗದ ಮುಖ್ಯಸ್ಥರಾದರು.

ಚಲನಚಿತ್ರದ ಕ್ಯಾಮೆರಾಗಳ ಕೆಲಸದಲ್ಲಿ ತೊಡಗಿದಾಗ ಅವರಿಗೆ ೩೫ ಮಿಲಿಮೀಟರ್ ಫಿಲ್ಮಿನ ನಿಕಟ ಪರಿಚಯವಾಯಿತು. ಸಿನಿಮಾದಲ್ಲಿ ಫಿಲ್ಮು ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಒಂದು ಚಿತ್ರದ ಅಳತೆ ೧೮ × ೨೪ ಮಿಲಿಮೀಟರ್. ಬಾರ್ನಾಕ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟರು. ಹೀಗೆ ೨೪ × ೩೬ ಮಿಲಿಮೀಟರ್ ಅಳತೆ ದೊರೆಯಿತು. ಅವರ ಹಳೆಯ ಗಾಜಿನ ಫಲಕದ ವಿಸ್ತೀರ್ಣ ಇದರ ಸುಮಾರು ೨೭ ಪಟ್ಟು!

೧೯೧೩–೧೪ರ ವೇಳೆಗೆ ಲೋಹದ ಪುಟ್ಟ ಮಾದರಿಯೊಂದು ಸಿದ್ಧವಾಯಿತು. ಇಂದು ಅದನ್ನು 'ಊರ್-ಲೈಕಾ', ಅಂದರೆ ಮೂಲ ಲೈಕಾ ಎಂದು ಕರೆಯುತ್ತಾರೆ. ಫಿಲ್ಮನ್ನು ಮುಂದೆ ಸರಿಸಿದಾಗಲೇ ಷಟರ್ ಕೂಡ ಸಜ್ಜಾಗುವ ವ್ಯವಸ್ಥೆ ಅದರಲ್ಲಿತ್ತು. ವೆಟ್ಸ್‌ಲಾರ್‌ನ ಐಸೆನ್‌ಮಾರ್ಕ್ಟ್ ಎಂಬ ಪೇಟೆಚೌಕವನ್ನು ಬಾರ್ನಾಕ್ ಇದರಿಂದ ಸೆರೆಹಿಡಿದರು. ೧೯೧೪ರಲ್ಲಿ ಎರಡನೆಯ ಅರ್ನ್ಸ್ಟ್ ಲೈಟ್ಸ್ ಅವರು ಇಂಥ ಮಾದರಿಯೊಂದನ್ನು ನ್ಯೂಯಾರ್ಕ್‌ಗೆ ಕೊಂಡೊಯ್ದು ಚಿತ್ರ ತೆಗೆದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಕೆಲಸ ಸ್ಥಗಿತಗೊಂಡಿತು. ೧೯೨೦ರಲ್ಲಿ ಲಾನ್ ನದಿ ಉಕ್ಕಿ ವೆಟ್ಸ್‌ಲಾರ್ ಜಲಾವೃತವಾದಾಗ ಬಾರ್ನಾಕ್ ತೆಗೆದ ಚಿತ್ರಗಳು ಪುಟ್ಟ ಕ್ಯಾಮೆರಾದ ಸುದ್ದಿಚಿತ್ರಣಕ್ಕೆ ಆರಂಭದ ಉದಾಹರಣೆಗಳಾಗಿವೆ.

ಲೈಕಾದ ಬಿಡುಗಡೆ

ಯುದ್ಧಾನಂತರದ ಜರ್ಮನಿಯಲ್ಲಿ ಹಣದುಬ್ಬರ, ನಿರುದ್ಯೋಗಗಳು ತೀವ್ರವಾಗಿದ್ದವು. ಪರೀಕ್ಷೆಗಾಗಿ ೧೯೨೩ರಲ್ಲಿ ತಯಾರಿಸಿದ ಕೆಲವೇ ಕ್ಯಾಮೆರಾಗಳ ಬಗೆಗೆ ಭಿನ್ನಾಭಿಪ್ರಾಯಗಳಿದ್ದವು. ಅವುಗಳಲ್ಲಿ ಫಿಲ್ಮು ಸುತ್ತುವಾಗ ಬೆಳಕು ತಾಗದಂತೆ ಲೆನ್ಸಿಗೆ ಮುಚ್ಚಳ ಹಾಕಬೇಕಾಗಿತ್ತು. ಸೂಕ್ಷ್ಮದರ್ಶಕ ತಯಾರಿಸುವ ಸಂಸ್ಥೆಯೊಂದು ಇಂಥ ಕಾಲದಲ್ಲಿ ಕ್ಯಾಮೆರಾ ವ್ಯಾಪಾರಕ್ಕೆ ಇಳಿಯುವುದು ದೊಡ್ಡ ಸಾಹಸವಾಗಿತ್ತು. ಆದರೂ ೧೯೨೪ರ ಜೂನ್‌ನಲ್ಲಿ ಎರಡನೆಯ ಅರ್ನ್ಸ್ಟ್ ಲೈಟ್ಸ್ ಅವರು ಉತ್ಪಾದನೆಗೆ ಒಪ್ಪಿಗೆ ನೀಡಿದರು.

ಮಾಕ್ಸ್ ಬೆರೆಕ್ ಅವರು ಇದಕ್ಕಾಗಿ ೫೦ ಮಿಲಿಮೀಟರ್ ಲೆನ್ಸನ್ನು ರೂಪಿಸಿದರು. ನೆಗೆಟಿವ್ ಚಿಕ್ಕದಾದಷ್ಟೂ ಲೆನ್ಸ್ ಹರಿತವಾಗಿರಬೇಕಾದುದರಿಂದ ಬಾರ್ನಾಕ್ ಅವರ ಯೋಜನೆಯ ಯಶಸ್ಸಿನಲ್ಲಿ ಬೆರೆಕ್ ಅವರ ಪಾಲು ಸಣ್ಣದಲ್ಲ. ೧೯೨೫ರಲ್ಲಿ ಲೈಪ್ಜಿಗ್ ವಸಂತ ಮೇಳದಲ್ಲಿ ಲೈಕಾ ಸಾರ್ವಜನಿಕರ ಮುಂದೆ ಬಂದಿತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬ ಎರಡು ಪದಗಳ ಮೊದಲ ಅಕ್ಷರಗಳು ಕೂಡಿ ಈ ಹೆಸರಾಗಿದೆ. ೧೯೩೦ರಲ್ಲಿ ಲೆನ್ಸ್ ಬದಲಾಯಿಸುವ ಅನುಕೂಲವೂ, ೧೯೩೨ರ ಲೈಕಾ ೨ ಮಾದರಿಯಲ್ಲಿ ಲೆನ್ಸಿಗೆ ಜೋಡಿಸಿದ ದೂರಮಾಪಕವೂ ಬಂದವು.

ಹವ್ಯಾಸಿಗಳ ಆಯ್ಕೆಯ ಮೇಲೆ ಪ್ರಭಾವ

ಲೈಕಾ ಬೆಲೆಬಾಳುವ ವಸ್ತುವಾಗಿದ್ದು ಎಲ್ಲ ಹವ್ಯಾಸಿಗಳ ಕೈಗೆಟುಕುತ್ತಿರಲಿಲ್ಲ. ೧೯೩೪ರಲ್ಲಿ ಕೊಡಾಕ್ ಸಂಸ್ಥೆ ಹಗಲು ಬೆಳಕಿನಲ್ಲಿಯೇ ತುಂಬಬಹುದಾದ ೩೫ ಮಿಲಿಮೀಟರ್ ಫಿಲ್ಮ್ ಡಬ್ಬಿಯನ್ನೂ, ಅದಕ್ಕೊಪ್ಪುವ ಮಡಚುವ ಕ್ಯಾಮೆರಾ ರೆಟಿನಾವನ್ನೂ ಕಡಿಮೆ ಬೆಲೆಗೆ ತಂದಾಗ ಬಾರ್ನಾಕ್ ಅವರ ಅಳತೆ ಇನ್ನಷ್ಟು ಜನರನ್ನು ತಲುಪಿತು. ೧೯೬೬ರ ರೊಲೈ ೩೫, ೧೯೭೯ರ ಒಲಿಂಪಸ್ ಎಕ್ಸ್‌ಎ ಮೊದಲಾದ ಜೇಬಿನ ಕ್ಯಾಮೆರಾಗಳು ಇದೇ ಅಳತೆಯನ್ನು ಉಳಿಸಿಕೊಂಡವು. ೧೯೫೯ರ ಒಲಿಂಪಸ್ ಪೆನ್ ಮಾತ್ರ ೧೮ × ೨೪ ಮಿಲಿಮೀಟರಿಗೆ ಮರಳಿ, ೩೬ ಚಿತ್ರಗಳ ರೀಲಿನಲ್ಲಿ ೭೨ ಚಿತ್ರ ತೆಗೆಯುವ ಅವಕಾಶ ನೀಡಿತು. ಅದಕ್ಕೆ ಪ್ರತಿಯಾಗಿ ನೆಗೆಟಿವ್‌ನ ಅರ್ಧ ವಿಸ್ತೀರ್ಣವನ್ನು ಬಿಟ್ಟುಕೊಡಬೇಕಾಯಿತು.

ಫಿಲ್ಮ್ ಕ್ಯಾಮೆರಾ ಕೊಳ್ಳುವ ಹವ್ಯಾಸಿಯು ಇಂದಿಗೂ ಬಾರ್ನಾಕ್ ಎದುರಿಸಿದ ಪ್ರಶ್ನೆಗಳನ್ನೇ ಎದುರಿಸುತ್ತಾನೆ: ತೂಕ ಎಷ್ಟು, ನೆಗೆಟಿವ್ ಎಷ್ಟು ದೊಡ್ಡದು, ಲೆನ್ಸ್ ಎಷ್ಟು ಹರಿತ, ಫಿಲ್ಮು ಸುಲಭವಾಗಿ ಸಿಗುತ್ತದೆಯೇ. ಅವರು ಹೊಸ ಬಗೆಯ ಫಿಲ್ಮನ್ನು ಕಲ್ಪಿಸದೆ, ಸಿನಿಮಾ ಉದ್ಯಮಕ್ಕಾಗಿ ಆಗಲೇ ಹೇರಳವಾಗಿ ತಯಾರಾಗುತ್ತಿದ್ದುದನ್ನು ಆರಿಸಿಕೊಂಡರು. ಅವರ ಅಳತೆ ದೀರ್ಘಕಾಲ ಬಾಳಲು ಇದೂ ಒಂದು ಕಾರಣ.

ಭಾರತದಲ್ಲಿ

೧೯೪೮ರಲ್ಲಿ ಮಹಾತ್ಮ ಗಾಂಧಿಯವರ ಅಂತ್ಯಯಾತ್ರೆಯನ್ನು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋ ಅವರು ಲೈಕಾದಿಂದ ಚಿತ್ರಿಸಿದರು. ಕರ್ನಾಟಕದ ಗಡಿಗೆ ಸಮೀಪವಾದ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 'ಇಂದು' ಹೆಸರಿನ ಫಿಲ್ಮ್ ತಯಾರಿಸುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬರುವವರೆಗೂ ಕನ್ನಡ ನಾಡಿನ ಮದುವೆ, ಪ್ರವಾಸಗಳಲ್ಲಿ ೩೬ ಚಿತ್ರಗಳ ರೀಲು ತುಂಬಿ, ಸ್ಟುಡಿಯೋದಲ್ಲಿ ತೊಳೆಸಿ, ಚಿತ್ರಗಳಿಗಾಗಿ ಕಾಯುವುದು ಸಾಮಾನ್ಯ ಅನುಭವವಾಗಿತ್ತು.

ನಿಧನ ಮತ್ತು ಸ್ಮರಣೆ

ಬಾರ್ನಾಕ್ ಅವರು ೧೯೩೬ರ ಜನವರಿ ೧೬ರಂದು ಬಾಡ್ ನೌಹೈಮ್‌ನಲ್ಲಿ, ೫೬ನೆಯ ವಯಸ್ಸಿನಲ್ಲಿ ನಿಧನರಾದರು. ಜೀವನದುದ್ದಕ್ಕೂ ಕಾಡಿದ ಶ್ವಾಸದ ತೊಂದರೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಅವರ ಜನ್ಮಶತಾಬ್ದಿಯ ವರ್ಷವಾದ ೧೯೭೯ರಲ್ಲಿ ಅವರ ಹೆಸರಿನ ಛಾಯಾಚಿತ್ರ ಪ್ರಶಸ್ತಿಯನ್ನು ಸ್ಥಾಪಿಸಲಾಯಿತು. ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಲ್ಗಾಡೊ ಈ ಪ್ರಶಸ್ತಿಗೆ ಪಾತ್ರರಾದವರಲ್ಲಿ ಒಬ್ಬರು. ೧೯೨೩ರ ಪರೀಕ್ಷಾ ಸರಣಿಯಲ್ಲಿ ಬಾರ್ನಾಕ್ ಸ್ವತಃ ಬಳಸುತ್ತಿದ್ದ ೧೦೫ನೆಯ ಸಂಖ್ಯೆಯ ಕ್ಯಾಮೆರಾ ೨೦೨೨ರ ಜೂನ್‌ನಲ್ಲಿ ೧.೪೪ ಕೋಟಿ ಯೂರೋಗಳಿಗೆ ಹರಾಜಾಗಿ ದಾಖಲೆ ನಿರ್ಮಿಸಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ 'ಫುಲ್ ಫ್ರೇಮ್' ಎಂದು ಕರೆಯುವುದು ಬಾರ್ನಾಕ್ ಆರಿಸಿಕೊಂಡ ೨೪ × ೩೬ ಮಿಲಿಮೀಟರ್ ಅಳತೆಯನ್ನೇ.